ಹಿರಿಯರಿಗೆ, ಅಂಗವಿಕಲರಿಗೆ ಒಗ್ಗುವಂತೆ ಮನೆ ಬದಲಾಯಿಸಲು ಸರ್ಕಾರದ ಹಣ: ಅರ್ಜಿಗೆ ಮುಂಚಿನಿಂದ ಕೊನೆಯ ಬಿಲ್ಲಿನವರೆಗೆ

ದೊಡ್ಡಪ್ಪನಿಗೆ ಪಾರ್ಶ್ವವಾಯು ಹೊಡೆದು, ಆಸ್ಪತ್ರೆಯಿಂದ ಮನೆಗೆ ಕಳಿಸುವ ಹೊತ್ತಿಗೆ ನಾವೆಲ್ಲ ಸೇರಿ ಬಚ್ಚಲುಮನೆ ಒಡೆಸಿ ಹೊಸದಾಗಿ ಮಾಡಿಸಿದ್ದೆವು. ಹೊಸ್ತಿಲು ತೆಗೆಸಿದೆವು, ಗೋಡೆಗೆ ಹಿಡಿಕೆ ಹಾಕಿಸಿದೆವು, ಜಾರದ ಟೈಲ್ಸ್ ಕೂರಿಸಿದೆವು. ಎರಡು ತಿಂಗಳಾದ ಮೇಲೆ ಯಾರೋ ಹೇಳಿದರು, ಇದಕ್ಕೆಲ್ಲ ಸರ್ಕಾರದಿಂದ ನೆರವು ಸಿಗುತ್ತೆ ಅಂತ. ಬಿಲ್ಲುಗಳನ್ನೆಲ್ಲ ಜೋಡಿಸಿಕೊಂಡು ಕಚೇರಿಗೆ ಹೋದೆವು. ಅಲ್ಲಿದ್ದವರು ಮೊದಲ ಬಿಲ್ಲಿನ ತಾರೀಖು ನೋಡಿ ಕಡತ ವಾಪಸ್ ಕೊಟ್ಟರು. ಮಂಜೂರಾತಿಗೆ ಮುಂಚೆ ಶುರುವಾದ ಕೆಲಸಕ್ಕೆ ಹಣವಿಲ್ಲ. ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ನಾನು ಈ ವಿಷಯ ಓದುತ್ತಾ, ಪರಿಚಯದವರ ಅರ್ಜಿ ತುಂಬಿಕೊಡುತ್ತಾ ಬಂದೆ. ಹಣ ಕೈತಪ್ಪುವುದಕ್ಕೆ ಪದೇ ಪದೇ ಕಂಡ ಕಾರಣಗಳು ಎರಡು. ಒಂದು, ನಮ್ಮ ಹಾಗೆ ಆತುರಪಟ್ಟು ಕೆಲಸ ಮುಗಿಸಿಬಿಡುವುದು. ಇನ್ನೊಂದು, ಅರ್ಜಿಯಲ್ಲಿ ಮನೆಯ ಬಗ್ಗೆ ಬರೆದು, ಮನೆಯಲ್ಲಿರುವ ಮನುಷ್ಯನ ಬಗ್ಗೆ ಬರೆಯದೇ ಇರುವುದು. ಈ ಎರಡನ್ನೂ ತಪ್ಪಿಸುವುದು ಹೇಗೆ ಅಂತ ಇಲ್ಲಿ ವಿವರವಾಗಿ ಹೇಳುತ್ತೇನೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ ಬೇರೆ. ಆದರೆ ದಾರಿ ಮಾತ್ರ ಬಹುತೇಕ ಕಡೆ ಒಂದೇ ಥರ ಇದೆ.

ಮೊದಲ ಹೆಜ್ಜೆ: ಕೆಲಸಕ್ಕೆ ಕೈ ಹಾಕಬೇಡಿ

ಜಪಾನಿನಲ್ಲಿ ಆರೈಕೆ ವಿಮೆಯಿಂದ (ದಿನನಿತ್ಯ ಇನ್ನೊಬ್ಬರ ಆರೈಕೆ ಬೇಕಾದವರಿಗೆ ನೆರವು ಕೊಡುವ ವಿಮೆ) ಮನೆ ರಿಪೇರಿಗೆ ಹಣ ಬೇಕಾದರೆ ಮೊದಲೇ ಅರ್ಜಿ ಹಾಕಬೇಕು. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ಕೊಡುವ ಅಂಗವಿಕಲರ ಮನೆ ಅನುದಾನಕ್ಕೂ ಹಾಗೇ. ಮಂಜೂರಾತಿಗೆ ಮುಂಚೆ ಮಾಡಿಸಿದ ಕೆಲಸಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಬೇರೆ ಕಡೆಯೂ ಇದೇ ಕಥೆ ಜಾಸ್ತಿ.

'ಶುರು' ಅಂದರೆ ಏನು ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ. ಸುತ್ತಿಗೆ ಏಟು ಬಿದ್ದಾಗ ಮಾತ್ರ ಶುರು ಅಂದುಕೊಂಡಿರುತ್ತೇವೆ, ಅಲ್ವಾ? ಕೆಲವು ಯೋಜನೆಗಳಲ್ಲಿ ಗುತ್ತಿಗೆದಾರನ ಜೊತೆ ಕರಾರಿಗೆ ಸಹಿ ಹಾಕಿದರೂ ಅದು ಶುರುವೇ. ಅಡ್ವಾನ್ಸ್ ಕೊಡುವುದಕ್ಕೆ ಮುಂಚೆ ಕೂಡ ಒಂದು ಮಾತು ಕೇಳಿ. ಅಂದಾಜು ಪಟ್ಟಿ ಬರೆಸಿಕೊಳ್ಳಬಹುದು, ಅಳತೆ ತೆಗೆಸಬಹುದು. ಅಲ್ಲಿಗೆ ನಿಲ್ಲಿಸಿ.

ಕಾಯುವುದಕ್ಕೆ ಆಗದ ಪರಿಸ್ಥಿತಿ ಇದ್ದರೆ? ನಾಳೆಯೇ ಆಸ್ಪತ್ರೆಯಿಂದ ಕಳಿಸುತ್ತಾರೆ ಅಂದರೆ? ಆಗ ಎರಡು ಕೆಲಸ ಮಾಡಿ. ತುರ್ತಾಗಿ ಶುರು ಮಾಡಬಹುದೇ ಅಂತ ಕಚೇರಿಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಅಲ್ಲಿಯವರೆಗೆ ಕಮೋಡ್ ಕುರ್ಚಿ, ಸ್ನಾನದ ಸ್ಟೂಲು, ಎತ್ತಿಡಬಹುದಾದ ರ‍್ಯಾಂಪ್ ಬಾಡಿಗೆಗೆ ತಂದು ದಿನ ದೂಡಿ. ನಾವು ಹೀಗೆ ಮಾಡಿದ್ದರೆ ದೊಡ್ಡಪ್ಪನಿಗೆ ಆರು ವಾರ ಸ್ವಲ್ಪ ಕಷ್ಟವಾಗುತ್ತಿತ್ತು. ಆದರೆ ಕೈಸಾಲ ಇರುತ್ತಿರಲಿಲ್ಲ.

ಹಣ ಯಾವ ಯಾವ ರೂಪದಲ್ಲಿ ಬರುತ್ತದೆ

ಸರ್ಕಾರದ ನೆರವು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಂದು ಚೆಕ್ಕು. ಅದು ಒಂದು ರೂಪ ಅಷ್ಟೇ. ಬೇರೆ ರೂಪಗಳು ಗೊತ್ತಿಲ್ಲದಿದ್ದರೆ ತಪ್ಪು ಕಚೇರಿಯ ಮುಂದೆ ಸುಮ್ನೆ ಸಾಲು ನಿಲ್ಲುತ್ತೇವೆ.

ತೀರಿಸಬೇಕಿಲ್ಲದ ಅನುದಾನ ಎಲ್ಲಕ್ಕಿಂತ ಒಳ್ಳೆಯದು. ಇಂಗ್ಲೆಂಡಿನ ಅನುದಾನ 1996ರ ಕಾಯ್ದೆಯಿಂದ ಬಂದದ್ದು. ಗರಿಷ್ಠ ಮೊತ್ತ 30,000 ಪೌಂಡ್. ವೇಲ್ಸ್‌ನಲ್ಲಿ 36,000. ಅರ್ಹತೆ ಇದ್ದವರಿಗೆ ಇದನ್ನು ಕೊಡಲೇಬೇಕು, ಬಜೆಟ್ ಇಲ್ಲ ಅಂತ ಸ್ಥಳೀಯ ಆಡಳಿತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಫ್ರಾನ್ಸ್ 2024ರ ಜನವರಿಯಿಂದ ಹಲವು ಹಳೆಯ ನೆರವುಗಳನ್ನು ಒಟ್ಟು ಮಾಡಿ 'ಮಾ ಪ್ರಿಮ್ ಅಡಾಪ್ಟ್' ಅನ್ನುವ ಒಂದೇ ಯೋಜನೆ ತಂದಿದೆ. ತೆರಿಗೆ ಬಿಟ್ಟು 22,000 ಯೂರೋವರೆಗಿನ ಕೆಲಸಕ್ಕೆ, ಆದಾಯ ನೋಡಿಕೊಂಡು, ಅರ್ಧ ಅಥವಾ ಶೇ. 70ರಷ್ಟು ಕೊಡುತ್ತದೆ.

ಎರಡನೆಯದು ಆರೈಕೆ ವಿಮೆ. ಜರ್ಮನಿಯಲ್ಲಿ ಎಷ್ಟು ಆರೈಕೆ ಬೇಕು ಅಂತ ನೋಡಿ ಕೊಡುವ ಶ್ರೇಣಿ 1ರಿಂದ 5ರೊಳಗೆ ಯಾವುದೇ ಸಿಕ್ಕಿದ್ದರೂ, ಮನೆಯಲ್ಲಿ ಒಂದು ಬದಲಾವಣೆಗೆ 4,180 ಯೂರೋವರೆಗೆ ಆರೈಕೆ ವಿಮಾ ನಿಧಿಯಿಂದ ಕೇಳಬಹುದು. 2025ಕ್ಕೆ ಮುಂಚೆ ಇದು 4,000 ಇತ್ತು. ಇದಕ್ಕೆ ಆದಾಯ ಕೇಳುವುದಿಲ್ಲ. ಆರೈಕೆ ಬೇಕಾದ ಹಲವರು ಒಂದೇ ಮನೆಯಲ್ಲಿದ್ದರೆ ನಾಲ್ಕು ಪಾಲಿನವರೆಗೆ ಒಟ್ಟುಗೂಡಿಸಬಹುದು. ಗಂಡ ಹೆಂಡತಿ ಇಬ್ಬರಿಗೂ ಶ್ರೇಣಿ ಇದ್ದರೆ ಮೊತ್ತ ದುಪ್ಪಟ್ಟು. ಜಪಾನಿನ ವಿಮೆ 2000ದಲ್ಲಿ ಶುರುವಾಯಿತು. ಅಲ್ಲಿ 2 ಲಕ್ಷ ಯೆನ್‌ವರೆಗಿನ ಕೆಲಸಕ್ಕೆ ನೆರವಿದೆ, ಅದರಲ್ಲಿ ಶೇ. 10ರಿಂದ 30ರಷ್ಟು ಮನೆಯವರ ಪಾಲು. ಹಿಡಿಕೆ, ಮೆಟ್ಟಿಲು ತೆಗೆಯುವುದು, ಜಾರದ ನೆಲ, ಪಕ್ಕಕ್ಕೆ ಸರಿಯುವ ಬಾಗಿಲು, ಕುಳಿತುಕೊಳ್ಳುವ ಕಮೋಡ್. ಪಟ್ಟಿ ಚಿಕ್ಕದು, ಆದರೆ ದಿನ ನಡೆಯುವುದು ಇವುಗಳಿಂದಲೇ.

ಮೂರನೆಯದು ಕಡಿಮೆ ಬಡ್ಡಿಯ ಸಾಲ. ಅಮೆರಿಕದ ಕೃಷಿ ಇಲಾಖೆ ಹಳ್ಳಿಗಾಡಿನ ತೀರಾ ಕಡಿಮೆ ಆದಾಯದ ಮನೆಮಾಲೀಕರಿಗೆ ಶೇ. 1ರ ಬಡ್ಡಿಯಲ್ಲಿ 20 ವರ್ಷದ ರಿಪೇರಿ ಸಾಲ ಕೊಡುತ್ತದೆ. ಸಾಲ ತೀರಿಸಲಾಗದ, 62 ದಾಟಿದವರಿಗೆ ಅದೇ ಯೋಜನೆಯಲ್ಲಿ ಅನುದಾನವೂ ಇದೆ. ನಾಲ್ಕನೆಯದು ತೆರಿಗೆ ವಿನಾಯಿತಿ. ಕೆನಡಾದಲ್ಲಿ 65 ದಾಟಿದವರು ಅಥವಾ ಅಂಗವಿಕಲರು ಇರುವ ಮನೆಯನ್ನು ಅವರಿಗೆ ಒಗ್ಗಿಸಲು ಮಾಡಿದ ವರ್ಷಕ್ಕೆ 20,000 ಡಾಲರ್‌ವರೆಗಿನ ಖರ್ಚನ್ನು ಇದಕ್ಕೆ ತೋರಿಸಬಹುದು. ತೆರಿಗೆಯನ್ನೇ ಕಟ್ಟದಷ್ಟು ಕಡಿಮೆ ವರಮಾನದವರಿಗೆ ಇಂಥ ವಿನಾಯಿತಿಯಿಂದ ಹೆಚ್ಚು ಉಪಯೋಗವಿಲ್ಲ. ಇದು ನನಗೆ ಬೇಸರದ ವಿಷಯ, ಏಕೆಂದರೆ ಅಗತ್ಯ ಜಾಸ್ತಿ ಇರುವುದು ಅವರಿಗೇ.

ಕೊನೆಯದು ಮನೆಯನ್ನೇ ಕೊಡುವುದು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಮು ವಸತಿ ಯೋಜನೆಗಳ ಹಂಚಿಕೆಯಲ್ಲಿ ಶೇ. 5ರಷ್ಟು ಮೀಸಲು ಇಡಬೇಕು ಎನ್ನುತ್ತದೆ, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ಇದು ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇದೆ ಎಂದು ದೃಢೀಕರಿಸಿದವರಿಗೆ. ಇಂಥ ಹಂಚಿಕೆಯಲ್ಲಿ ಹೆಸರು ಬಂದರೆ ನೆಲಮಹಡಿ ಬೇಕು ಅಂತ ಮೊದಲೇ ಬರೆದುಕೊಡಿ. ಮೂರನೇ ಮಹಡಿ ಸಿಕ್ಕ ಮೇಲೆ ಓಡಾಡುವುದು ತುಂಬ ಕಷ್ಟ.

ಯಾವ ಬಾಗಿಲು ತಟ್ಟಬೇಕು

ಒಂದೇ ಕಚೇರಿಯಲ್ಲಿ ಎಲ್ಲ ಸಿಗುವುದಿಲ್ಲ. ಸ್ಥಳೀಯ ಆಡಳಿತ, ವಸತಿ ಇಲಾಖೆ, ಸಮಾಜ ಕಲ್ಯಾಣ ಅಥವಾ ಅಂಗವಿಕಲರ ಇಲಾಖೆ, ಆರೋಗ್ಯ ಅಥವಾ ಆರೈಕೆ ವಿಮೆ. ಸೈನ್ಯದಲ್ಲಿದ್ದವರಾದರೆ ಮಾಜಿ ಸೈನಿಕರ ಇಲಾಖೆ. ಕೆಲಸದಲ್ಲಿ ಪೆಟ್ಟಾಗಿದ್ದರೆ ಅದರ ವಿಮೆ. ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿ: "ಹಿರಿಯರಿಗೆ ಅಥವಾ ಅಂಗವಿಕಲರಿಗೆ ಮನೆ ಬದಲಾವಣೆಗೆ ನಿಮ್ಮಲ್ಲಿ ಏನಿದೆ? ನಿಮ್ಮಲ್ಲಿ ಇಲ್ಲದಿದ್ದರೆ ಯಾರನ್ನು ಕೇಳಲಿ?" ಎರಡನೇ ಅರ್ಧವನ್ನು ಮರೆಯಬೇಡಿ. ನನಗೆ ಉಪಯೋಗವಾದ ಉತ್ತರಗಳು ಬಂದದ್ದು ಅದರಿಂದಲೇ.

ಎರಡು ಕಡೆಯ ಹಣ ಒಂದೇ ಕೆಲಸಕ್ಕೆ ಕೂಡಿಸಬಹುದೇ ಅಂತಲೂ ಕೇಳಿ. ಕೆಲವು ಕಡೆ ಆಗುತ್ತೆ, ಕೆಲವು ಕಡೆ ಆಗಲ್ಲ. ಆದರೆ ಬಚ್ಚಲುಮನೆಗೆ ಒಂದು, ರ‍್ಯಾಂಪ್‌ಗೆ ಇನ್ನೊಂದು ಅಂತ ಕೆಲಸ ಹಂಚಿಕೊಳ್ಳಲು ಸಾಧ್ಯವಿರುತ್ತದೆ.

ಒಂದು ದಿನವನ್ನು ಬರೆದಿಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ನಾನು ನೋಡಿದ ಅರ್ಜಿಗಳಲ್ಲಿ ಜಾಸ್ತಿ ಇದ್ದದ್ದು ಇಂಥ ಸಾಲು: "ಬಚ್ಚಲುಮನೆ ಹಳೆಯದಾಗಿದೆ, ಹೊಸದಾಗಿ ಮಾಡಿಸಬೇಕು." ಅಧಿಕಾರಿಯ ಜಾಗದಲ್ಲಿ ಕುಳಿತು ಓದಿ ನೋಡಿ. ಹಳೆಯ ಬಚ್ಚಲುಮನೆ ಯಾರ ಮನೆಯಲ್ಲಿಲ್ಲ? ಇದು ರಿಪೇರಿ, ಇದಕ್ಕೆ ಈ ಹಣ ಅಲ್ಲ. ಅವರು ಹುಡುಕುವುದು ಬೇರೆ. ಈ ಮನುಷ್ಯ ಏನು ಮಾಡಲು ಹೋಗುತ್ತಾನೆ, ಎಲ್ಲಿ ತಡೆಯುತ್ತದೆ, ಏನಾದರೆ ಆ ತಡೆ ಹೋಗುತ್ತದೆ.

ಅದಕ್ಕೇ ಒಂದು ನೋಟ್‌ಬುಕ್ ತೆಗೆದುಕೊಂಡು ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಅವರ ಜೊತೆಗೇ ಇರಿ. ಸಹಾಯ ಮಾಡಬೇಕಾದರೆ ಮಾಡಿ, ಆದರೆ ಬರೆದಿಡಿ. ನಾವು ಹಳೆಯ ಬಚ್ಚಲುಮನೆ ಒಡೆಸದೆ, ದೊಡ್ಡಪ್ಪ ಅದನ್ನೇ ಬಳಸುತ್ತಿದ್ದರೆ ನಾನು ಹೀಗೆ ಬರೆಯಬಹುದಿತ್ತು:

"ಬೆಳಿಗ್ಗೆ 6:10. ವಾಕರ್ ಹಿಡಿದು ಬಚ್ಚಲುಮನೆಗೆ ಹೋಗುತ್ತಾರೆ. ಹೊಸ್ತಿಲು 9 ಸೆಂ.ಮೀ. ಎತ್ತರ ಇದೆ. ವಾಕರ್‌ನ ಮುಂದಿನ ಚಕ್ರ ಅದಕ್ಕೆ ತಗುಲಿ ನಿಲ್ಲುತ್ತದೆ. ಎಡಗೈಯಲ್ಲಿ ಶಕ್ತಿ ಇಲ್ಲದ್ದರಿಂದ ವಾಕರ್ ಎತ್ತಲು ಆಗುವುದಿಲ್ಲ. ಅದನ್ನು ಹೊರಗೇ ಬಿಟ್ಟು, ಟವೆಲ್ ಹಾಕುವ ಕಂಬಿ ಹಿಡಿದು ಒಳಗೆ ಕಾಲಿಡುತ್ತಾರೆ. ಕಂಬಿಯ ಒಂದು ಮೊಳೆ ಸಡಿಲವಾಗಿದೆ. ಕಮೋಡಿನಿಂದ ಏಳುವಾಗ ಪ್ರತಿ ಸಲ ಮಗ ಎತ್ತಬೇಕು. ದಿನಕ್ಕೆ ಐದು ಸಲ, ರಾತ್ರಿ ಎರಡು ಸಲ. ಕಳೆದ ತಿಂಗಳು ಎರಡು ಬಾರಿ ಬಿದ್ದಿದ್ದಾರೆ."

ಇದರಲ್ಲಿ ಏನು ಬೇಕು ಅಂತ ಇನ್ನೂ ಕೇಳಿಲ್ಲ. ಆದರೂ ಓದಿದವರಿಗೆ ಗೊತ್ತಾಗುತ್ತದೆ: ಹೊಸ್ತಿಲು ಹೋಗಬೇಕು, ಗಟ್ಟಿ ಹಿಡಿಕೆ ಬೇಕು, ಕಮೋಡ್ ಎತ್ತರವಾಗಬೇಕು. ಬೇಡಿಕೆ ಈ ವಿವರದ ಕೆಳಗೆ ಬರಲಿ, ಒಂದೊಂದು ಬೇಡಿಕೆಗೂ ಒಂದೊಂದು ತಡೆ ಜೋಡಿಯಾಗಿರಲಿ.

ಬಿದ್ದದ್ದನ್ನು ತಾರೀಖಿನ ಸಮೇತ ಬರೆಯಿರಿ. ಹಿರಿಯರು ಇದನ್ನು ಮುಚ್ಚಿಡುತ್ತಾರೆ. "ಸ್ವಲ್ಪ ಜಾರಿತು ಅಷ್ಟೇ" ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. 60 ದಾಟಿದವರಲ್ಲೇ ಇದು ಅತಿ ಹೆಚ್ಚು. ಹಾಗಾಗಿ ಬಿದ್ದದ್ದು ನಾಚಿಕೆಯ ವಿಷಯ ಅಲ್ಲ, ಕಡತದಲ್ಲಿ ಇರಲೇಬೇಕಾದ ವಿಷಯ.

ಆರೈಕೆ ಮಾಡುವವರ ಕಷ್ಟವನ್ನೂ ಬರೆಯಿರಿ. ಸೊಂಟ ನೋವು, ನಿದ್ದೆಗೇಡು, ಕೆಲಸ ಬಿಡಬೇಕಾಗಿ ಬಂದದ್ದು. ಇನ್ನೊಂದು ಸಂಗತಿ ಯಾರೂ ನೆನಪಿಸುವುದಿಲ್ಲ. ಅಂಗವಿಕಲ ವ್ಯಕ್ತಿಯೇ ಇನ್ನೊಬ್ಬರನ್ನು ನೋಡಿಕೊಳ್ಳುತ್ತಿರಬಹುದು. ವೀಲ್‌ಚೇರ್‌ನಲ್ಲಿರುವ ತಾಯಿ ಮಗುವಿನ ಕೋಣೆಗೆ ಹೋಗಲು ಆಗಬೇಕು. ಇಂಗ್ಲೆಂಡಿನ ಕಾಯ್ದೆ ಇದನ್ನೂ ಅನುದಾನಕ್ಕೆ ಕಾರಣವಾಗಿ ಒಪ್ಪುತ್ತದೆ.

ಟೇಪು ಹಿಡಿದು ಅಳೆಯಿರಿ

ಬಾಗಿಲು ಅಳೆಯುವಾಗ ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೆ ತಪ್ಪಾಗುತ್ತದೆ. ಬಾಗಿಲನ್ನು 90 ಡಿಗ್ರಿ ತೆರೆದು, ಬಾಗಿಲ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. ನಿಜವಾಗಿ ನುಗ್ಗಲು ಸಿಗುವ ಜಾಗ ಅಷ್ಟೇ. ವೀಲ್‌ಚೇರ್‌ಗೆ 90 ಸೆಂ.ಮೀ. ಆರಾಮ. 80ರಲ್ಲಿ ನೇರವಾಗಿ ಹೋಗಬಹುದು, ಆದರೆ ತಿರುಗಿ ಒಳಗೆ ಹೋಗಬೇಕಾದರೆ ಬೆರಳ ಗೆಣ್ಣು ಸವೆಯುತ್ತದೆ. ವೀಲ್‌ಚೇರ್ ಒಂದು ಸುತ್ತು ತಿರುಗಲು 150 ಸೆಂ.ಮೀ. ಅಗಲ ಉದ್ದದ ಖಾಲಿ ನೆಲ ಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು ಫೋಟೋ ತೆಗೆಯಿರಿ. ಮಂಚ, ಬೀರು ಎಲ್ಲಿ ಅಡ್ಡ ಬರುತ್ತದೆ ಅನ್ನುವುದು ಆ ಫೋಟೋದಲ್ಲೇ ಕಾಣುತ್ತದೆ.

ರ‍್ಯಾಂಪ್ ವಿಷಯದಲ್ಲಿ ಜನ ಬಹಳ ಮೋಸ ಹೋಗುತ್ತಾರೆ. ಎಲ್ಲ ಕಡೆ ಬಳಕೆಯಲ್ಲಿರುವ ಲೆಕ್ಕ 1ಕ್ಕೆ 12. ಅಂದರೆ 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿಗೆ 180 ಸೆಂ.ಮೀ. ಉದ್ದ. ಮೂರು ಮೆಟ್ಟಿಲಿದ್ದರೆ 5.4 ಮೀಟರ್, ಜೊತೆಗೆ ಮೇಲೆ ಕೆಳಗೆ ನಿಲ್ಲಲು ಸಮತಟ್ಟು ಜಾಗ. ಇದಕ್ಕಿಂತ ಚಿಕ್ಕದಾಗಿ ಕಟ್ಟಿಕೊಡುತ್ತೇನೆ ಅಂತ ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಕಡಿದಾದ ರ‍್ಯಾಂಪ್‌ನಲ್ಲಿ ವೀಲ್‌ಚೇರ್ ಹಿಂದಕ್ಕೆ ಉರುಳುತ್ತದೆ, ತಳ್ಳುವವರೂ ಬೀಳುತ್ತಾರೆ. ಅಷ್ಟು ಜಾಗ ಇಲ್ಲದಿದ್ದರೆ ಚಿಕ್ಕ ಲಿಫ್ಟ್‌ಗೆ ಹಣ ಕೇಳಲು ಆ ಅಳತೆಯೇ ನಿಮ್ಮ ಸಾಕ್ಷಿ.

ಹಿಡಿಕೆಗೆ ಗೋಡೆ ಗಟ್ಟಿ ಇದೆಯಾ ಅಂತ ತಟ್ಟಿ ನೋಡಿ. ಟೊಳ್ಳು ಗೋಡೆಯಾದರೆ ಒಳಗೆ ಆಧಾರ ಕೊಡುವ ಕೆಲಸವೂ ಅಂದಾಜಿನಲ್ಲಿ ಸೇರಬೇಕು.

ಕಣ್ಣು ಮಂಜಾದವರಿಗೆ, ಕಿವಿ ಕೇಳದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ಅಳತೆಗಿಂತ ಬೇರೆಯದೇ ಬೇಕು. ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಬಣ್ಣ, ಚೆನ್ನಾದ ಬೆಳಕು, ಮಿನುಗುವ ಕರೆಗಂಟೆ, ತಾನೇ ಆರುವ ಒಲೆ. ಎಷ್ಟೋ ಯೋಜನೆಗಳಲ್ಲಿ ಇವೂ ಸೇರುತ್ತವೆ, ಕೇಳುವವರೇ ಕಡಿಮೆ.

ಥೆರಪಿಸ್ಟ್ ಮನೆಗೆ ಬರುವ ದಿನ

ಹಲವು ದೇಶಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಆಗುವಂತೆ ನೆರವಾಗುವ ತಜ್ಞರು) ಬಂದು ನೋಡಿ ವರದಿ ಬರೆಯುತ್ತಾರೆ. ಸ್ವೀಡನ್ನಿನಲ್ಲಿ ಪೌರಾಡಳಿತ ಕೊಡುವ ಮನೆ ಹೊಂದಾಣಿಕೆ ಅನುದಾನಕ್ಕೆ ಇಂಥ ತಜ್ಞರ ಪ್ರಮಾಣಪತ್ರ ಬೇಕು. ಆದಾಯ ಮಾತ್ರ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಬದಲಾವಣೆ 'ಅಗತ್ಯ ಮತ್ತು ಸೂಕ್ತ' ಹೌದೋ ಅಲ್ಲವೋ, ಕಟ್ಟಡದಲ್ಲಿ ಅದು ಆಗುವಂಥದ್ದೋ ಅಂತ ನೋಡುತ್ತಾರೆ.

ಅವತ್ತು ಆಗುವ ದೊಡ್ಡ ತಪ್ಪು ಪ್ರೀತಿಯಿಂದಲೇ ಆಗುತ್ತದೆ. ಮನೆ ಒಪ್ಪ ಮಾಡಿ, ಅಜ್ಜಿಗೆ ಚೆಂದದ ಸೀರೆ ಉಡಿಸಿ ಕೂರಿಸುತ್ತೇವೆ. ಅಜ್ಜಿಯೂ ಬಂದವರ ಎದುರು ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ನಡೆದು ತೋರಿಸುತ್ತಾರೆ. "ಏನೂ ತೊಂದರೆ ಇಲ್ಲಮ್ಮ" ಅನ್ನುತ್ತಾರೆ. ವರದಿಯಲ್ಲಿ ಅದೇ ಬರುತ್ತದೆ. ಮುಂಚಿನ ದಿನವೇ ಅವರ ಜೊತೆ ಕುಳಿತು ಹೇಳಿ: "ಅಜ್ಜಿ, ನಾಳೆ ದಿನಾ ಮಾಡುವ ಹಾಗೇ ಮಾಡಿ. ಆಗದಿದ್ದರೆ ಆಗಲ್ಲ ಅನ್ನಿ." ನೀವು ಬರೆದ ದಿನದ ಪುಸ್ತಕದ ಒಂದು ಪ್ರತಿಯನ್ನು ಬಂದವರ ಕೈಗೆ ಕೊಡಿ. ಒಳ್ಳೆಯ ದಿನ, ಕೆಟ್ಟ ದಿನ ಎರಡೂ ಇರುವ ಕಾಯಿಲೆಯಾದರೆ ಕೆಟ್ಟ ದಿನ ವಾರಕ್ಕೆ ಎಷ್ಟು ಅಂತ ಹೇಳಿ.

ಮನೆಯವರ ಆಸೆ ಮತ್ತು ಆ ವ್ಯಕ್ತಿಯ ಆಸೆ ಬೇರೆ ಇದ್ದರೆ, ಅವರದ್ದೇ ಮೊದಲು. ಅಲ್ಲಿ ಬದುಕುವವರು ಅವರು.

ಅಂದಾಜು ಪಟ್ಟಿ ಮತ್ತು ಕಾಗದಗಳು

ಎರಡು ಮೂರು ಕಡೆಯಿಂದ ಅಂದಾಜು ಪಟ್ಟಿ ತರಿಸಿ. 'ಬಚ್ಚಲುಮನೆ ಕೆಲಸ, ಒಟ್ಟು ಇಷ್ಟು' ಅಂತ ಒಂದೇ ಸಾಲು ಇದ್ದರೆ ವಾಪಸ್ ಬರುವುದು ಖಂಡಿತ ಅಂದುಕೊಳ್ಳಿ. ಹೊಸ್ತಿಲು ತೆಗೆಯುವುದು, ನೆಲ, ಹಿಡಿಕೆ, ಕೊಳಾಯಿ ಕೆಲಸ, ಕೂಲಿ, ತೆರಿಗೆ ಬೇರೆ ಬೇರೆ ಸಾಲಿನಲ್ಲಿ ಬರಲಿ. ಗೀಸರ್ ಬದಲಿಸುವುದು, ಬಣ್ಣ ಬಳಿಸುವುದು ಇತ್ಯಾದಿ ನಿಮ್ಮ ಸ್ವಂತ ಆಸೆಗಳನ್ನು ಬೇರೆ ಪಟ್ಟಿಯಲ್ಲಿ ಇಡಿ. ಎರಡೂ ಕಲೆತರೆ ಇಡೀ ಅರ್ಜಿಯ ಮೇಲೆ ಅನುಮಾನ ಬರುತ್ತದೆ.

ಗುರುತಿನ ಚೀಟಿ, ವೈದ್ಯರ ಅಥವಾ ಅಂಗವೈಕಲ್ಯದ ಪ್ರಮಾಣಪತ್ರ, ಮನೆಯ ಪತ್ರ ಅಥವಾ ಬಾಡಿಗೆ ಕರಾರು, ಆದಾಯದ ದಾಖಲೆ, ಫೋಟೋಗಳು. ಎಲ್ಲದರ ಪ್ರತಿ ನಿಮ್ಮ ಬಳಿ ಇರಲಿ. ಅರ್ಜಿ ಕೊಟ್ಟ ದಿನ ತಾರೀಖು ಇರುವ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ. ಗಡುವು ಲೆಕ್ಕ ಆ ತಾರೀಖಿನಿಂದಲೇ. ಇಂಗ್ಲೆಂಡಿನಲ್ಲಿ ಪೂರ್ತಿ ಅರ್ಜಿ ಕೊಟ್ಟ ಆರು ತಿಂಗಳೊಳಗೆ ತೀರ್ಮಾನ ತಿಳಿಸಬೇಕು.

ಆದಾಯ ನೋಡುವ ಕಡೆ ಯಾರ ಆದಾಯ ಅಂತ ಕೇಳಿ. ಅಂಗವಿಕಲ ವ್ಯಕ್ತಿಯದೋ, ಸಂಗಾತಿಯದೂ ಸೇರಿಯೋ, ಇಡೀ ಮನೆಯದೋ? ಉತ್ತರದ ಮೇಲೆ ನಿಮ್ಮ ಪಾಲು ಬಹಳ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿ ಅರ್ಜಿ ಹಾಕಿದರೆ ತಂದೆತಾಯಿಯ ಆದಾಯ ಲೆಕ್ಕಕ್ಕಿಲ್ಲ.

ಬಾಡಿಗೆ ಮನೆಯಲ್ಲಿದ್ದರೆ

ಬಾಡಿಗೆಯವರಿಗೆ ಸಿಗುವುದಿಲ್ಲ ಅಂತ ತಾವೇ ತೀರ್ಮಾನಿಸಿ ಕೂರುವವರು ಎಷ್ಟೋ ಜನ. ಬಹಳ ಯೋಜನೆಗಳು ಬಾಡಿಗೆಯವರಿಗೂ ಕೊಡುತ್ತವೆ, ಮಾಲೀಕರ ಒಪ್ಪಿಗೆ ಮಾತ್ರ ಬರಹದಲ್ಲಿ ಬೇಕು. ಜರ್ಮನಿಯಲ್ಲಿ 2020ರ ಡಿಸೆಂಬರ್‌ನಿಂದ ಇಂಥ ಬದಲಾವಣೆಗೆ ಒಪ್ಪಿಗೆ ಕೇಳುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲಿ ಇದೆ. ಅಮೆರಿಕದಲ್ಲಿ, ವಸತಿಯಲ್ಲಿ ತಾರತಮ್ಯ ತಡೆಯುವ ಕಾನೂನಿಗೆ 1988ರಲ್ಲಿ ಆದ ತಿದ್ದುಪಡಿಯಿಂದ, ಬಾಡಿಗೆದಾರ ತನ್ನ ಖರ್ಚಿನಲ್ಲಿ ಮಾಡಿಸುವ ನ್ಯಾಯವಾದ ಬದಲಾವಣೆಯನ್ನು ಮಾಲೀಕ ತಡೆಯುವಂತಿಲ್ಲ. ಮನೆ ಬಿಡುವಾಗ ಮೊದಲಿನಂತೆ ಮಾಡಿಕೊಡಬೇಕೇ, ಆ ಖರ್ಚು ಯಾರದು ಅನ್ನುವುದನ್ನು ಒಪ್ಪಿಗೆ ಪತ್ರದಲ್ಲೇ ಬರೆಸಿ.

ಇಲ್ಲ ಅಂದರೆ

ಬಾಯಿಮಾತಿನ 'ಇಲ್ಲ'ವನ್ನು ಒಪ್ಪಿಕೊಂಡು ಬರಬೇಡಿ. ಕಾರಣ ಬರೆದ ಹಿಂಬರಹ ಕೇಳಿ. ಹಿಂಬರಹ ಕೈಗೆ ಬಂದ ದಿನ ಅದರ ಮೇಲೆ ತಾರೀಖು ಬರೆಯಿರಿ, ಮೇಲ್ಮನವಿಯ ಗಡುವು ನೋಡಿ. ಜರ್ಮನಿಯ ಆರೈಕೆ ವಿಮೆಯಲ್ಲಿ ಸಾಮಾನ್ಯವಾಗಿ ಒಂದೇ ತಿಂಗಳು.

ನಿರಾಕರಣೆ ಮೂರು ಥರ ಇರುತ್ತದೆ. ಕಾಗದ ಕಡಿಮೆ ಅಂದರೆ ಕಾಗದ ಕೊಡಿ, ಜಗಳ ಬೇಡ. ಅಗತ್ಯ ಕಾಣಲಿಲ್ಲ ಅಂದರೆ ದಿನದ ಪುಸ್ತಕ, ಬಿದ್ದ ತಾರೀಖುಗಳು, ವೈದ್ಯರ ಹೊಸ ಪತ್ರ ಸೇರಿಸಿ ಮೇಲ್ಮನವಿ ಹಾಕಿ. ಹಣ ಮುಗಿದಿದೆ ಅಂದರೆ ಅದು ಕಾನೂನಿನ ಪ್ರಕಾರ ಕೊಡಲೇಬೇಕಾದ ನೆರವೋ ಅಥವಾ ಇರುವಷ್ಟು ಹಂಚುವ ನೆರವೋ ಅಂತ ಕೇಳಿ. ಮೊದಲನೆಯದಾದರೆ ಹಣ ಮುಗಿದಿದೆ ಅನ್ನುವುದು ಕಾರಣ ಆಗುವುದಿಲ್ಲ. ಎರಡನೆಯದಾದರೆ ಮುಂದಿನ ಆರ್ಥಿಕ ವರ್ಷದ ಮೊದಲ ವಾರದಲ್ಲೇ ಹೋಗಿ.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ ಸರ್ಕಾರದ ವಸತಿ ಯೋಜನೆಗಳಲ್ಲಿ ಅಂಗವಿಕಲರಿಗೂ ಅವಕಾಶ ಇರಬೇಕು ಅನ್ನುತ್ತದೆ. ನಿಮ್ಮ ದೇಶ ಅದಕ್ಕೆ ಸಹಿ ಹಾಕಿ ಒಪ್ಪಿದ್ದರೆ ಮೇಲ್ಮನವಿಯಲ್ಲಿ ಒಂದು ಸಾಲು ಬರೆಯಿರಿ. ಅದರಿಂದಲೇ ಗೆಲ್ಲುತ್ತೀರಿ ಅಂತಲ್ಲ. ಆದರೆ ನೀವು ಭಿಕ್ಷೆ ಬೇಡುತ್ತಿಲ್ಲ ಅನ್ನುವುದು ಓದುವವರಿಗೂ ತಿಳಿಯಲಿ, ನಿಮಗೂ ನೆನಪಿರಲಿ.

ಮಂಜೂರಾದ ಮೇಲೆ

ಈಗ ಕೆಲಸ ಶುರು ಮಾಡಿ. ಮಂಜೂರಾತಿ ಪತ್ರದಲ್ಲಿ ಏನಿದೆಯೋ ಅದನ್ನೇ ಮಾಡಿಸಿ. ನಡುವೆ ಏನಾದರೂ ಬದಲಾದರೆ, ಉದಾಹರಣೆಗೆ ನೆಲ ಅಗೆದಾಗ ಹಳೆಯ ಪೈಪು ಒಡೆದಿದ್ದು ಕಂಡರೆ, ಕೆಲಸ ನಿಲ್ಲಿಸಿ ಫೋಟೋ ತೆಗೆದು ಕಚೇರಿಗೆ ತಿಳಿಸಿ. ಗೋಡೆ ಮುಚ್ಚಿದ ಮೇಲೆ ಅಧಿಕಾರಿಗೆ ತೋರಿಸಲು ಏನೂ ಇರುವುದಿಲ್ಲ.

ಕೆಲಸ ಮುಗಿದ ಮೇಲೆ, ಪೂರ್ತಿ ಹಣ ಕೊಡುವ ಮುಂಚೆ ಆ ವ್ಯಕ್ತಿಯೇ ಒಮ್ಮೆ ಬಳಸಿ ನೋಡಲಿ. ಹಿಡಿಕೆ ಹಿಡಿದು ಏಳಲಿ. ಬಚ್ಚಲುಮನೆಗೆ ಒಂದು ಬಕೆಟ್ ನೀರು ಸುರಿದು ನೀರು ಬಾಗಿಲ ಕಡೆ ಹರಿಯುತ್ತದೆಯೋ, ಜಾಲರಿ ಕಡೆಯೋ ನೋಡಿ. ಹೊಸ್ತಿಲು ತೆಗೆದ ಕಡೆ ಇದೇ ಜಾಸ್ತಿ ತಪ್ಪಾಗುವುದು.

ಮನೆ ಮಾರುವ ಯೋಚನೆ ಇದ್ದರೆ ಷರತ್ತು ಓದಿ. ಅಮೆರಿಕದ ಕೃಷಿ ಇಲಾಖೆಯ ಅನುದಾನ ಪಡೆದು ಮೂರು ವರ್ಷದೊಳಗೆ ಮಾರಿದರೆ ವಾಪಸ್ ಕೊಡಬೇಕು. ಇಂಗ್ಲೆಂಡಿನಲ್ಲಿ ಅನುದಾನ 5,000 ಪೌಂಡ್ ದಾಟಿದ್ದು, ಹತ್ತು ವರ್ಷದೊಳಗೆ ಸ್ವಂತ ಮನೆ ಮಾರಿದರೆ, ದಾಟಿದ ಭಾಗದಲ್ಲಿ 10,000 ಪೌಂಡ್‌ವರೆಗೆ ಸ್ಥಳೀಯ ಆಡಳಿತ ಕೇಳಬಹುದು.

ಒಮ್ಮೆ ಪಡೆದರೆ ಮುಗಿಯಿತು ಅಂದುಕೊಳ್ಳಬೇಡಿ. ಕಾಯಿಲೆ ಬದಲಾಗುತ್ತದೆ, ಅಗತ್ಯವೂ ಬದಲಾಗುತ್ತದೆ. ಜಪಾನಿನಲ್ಲಿ ಆರೈಕೆಯ ಮಟ್ಟ ಮೂರು ಹಂತ ಮೇಲೇರಿದರೆ ಅಥವಾ ಮನೆ ಬದಲಿಸಿದರೆ ಮತ್ತೆ ಕೇಳಬಹುದು. ಜರ್ಮನಿಯಲ್ಲೂ ಆರೈಕೆಯ ಸ್ಥಿತಿ ಬದಲಾದರೆ ಹೊಸ ಅರ್ಜಿಗೆ ಅವಕಾಶ ಇದೆ. ಅದಕ್ಕೇ ಹಳೆಯ ಕಡತ, ಅಳತೆ, ಫೋಟೋ, ದಿನದ ಪುಸ್ತಕ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ನಮ್ಮ ಮನೆಯಲ್ಲಿ ಅದು ಈಗ ದೊಡ್ಡಮ್ಮನ ಮಂಚದ ತಲೆಯ ಹತ್ತಿರ ಇದೆ. ಅವರ ಮಂಡಿ ನೋವು ಜಾಸ್ತಿಯಾಗಿದೆ, ಈ ಸಲ ಮೇಸ್ತ್ರಿಯನ್ನು ಇನ್ನೂ ಕರೆದಿಲ್ಲ.